ಕಂಡಕ್ಟರ್ ಇಲ್ಲದ ಬಸ್ಸು

ಮಾವ ಯುರೋಪಿನಿಂದ ಬಂದು ವಾರವಾದರೂ ಆ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಒಂದು ತುತ್ತು ನುಂಗಿರಲಿಲ್ಲ. ತಟ್ಟೆ ಮುಂದೆ ಕೂತರೆ ಸಾಕು, 'ಅಲ್ಲಿ' ಶುರುವಾಗುತ್ತಿತ್ತು. ಅಲ್ಲಿ ಜನ ಊಟದ ಹೊತ್ತಿನಲ್ಲಿ ಮೆಲ್ಲಗೆ ಮಾತಾಡುತ್ತಾರೆ ಎಂಬುದನ್ನು ಅವರು ಇಡೀ ಬೀದಿಗೆ ಕೇಳುವಂತೆ ಹೇಳಿದ್ದರು. ಅಲ್ಲಿ ನಲ್ಲಿ ತೊಟ್ಟಿಕ್ಕುವುದಿಲ್ಲ, ನಾಯಿ ಬೊಗಳುವುದಿಲ್ಲ, ಬಾಗಿಲು ಕಿರುಗುಟ್ಟುವುದಿಲ್ಲ.

"ಅಲ್ಲಿ ಬಸ್ಸು ಮಂಡಿ ಊರುತ್ತೆ," ಎಂದರು ಆವತ್ತು ಅನ್ನ ಕಲಸುತ್ತಾ. "ವಯಸ್ಸಾದೋರು ಹತ್ತೋಕೆ ಬಂದ್ರೆ ಡ್ರೈವರ್ ಒಂದು ಗುಂಡಿ ಒತ್ತುತ್ತಾನೆ. ಇಡೀ ಬಸ್ಸು ಅವರ ಕಡೆ ಬಗ್ಗುತ್ತೆ."

"ನಮ್ಮ ಬಸ್ಸೂ ಒಂದು ಕಡೆ ಬಗ್ಗೇ ಇರುತ್ತಲ್ಲ ತಾತ?" ಎಂದಳು ಮೊಮ್ಮಗಳು.

"ಅದು ವಯಸ್ಸಾದೋರಿಗೆ ಬಗ್ಗಿರೋದಲ್ಲ ಪುಟ್ಟಿ," ಎಂದಳು ಸೊಸೆ. "ಬಾಗಿಲಲ್ಲಿ ನೇತಾಡೋರ ಭಾರಕ್ಕೆ."

ಗಂಡ ಕೆಮ್ಮಿದಂತೆ ನಕ್ಕ. ಅತ್ತೆಯೂ ಮುಖ ಆಚೆ ತಿರುಗಿಸಿ ನಕ್ಕರು. ಮಾವ ನಗಲಿಲ್ಲ. "ಇದೇ ನಮ್ಮ ಹಣೆಬರಹ. ಒಳ್ಳೇದು ಹೇಳಿದ್ರೆ ಹಲ್ಲು ಕಿಸಿಯೋದು."

ಮಾವ ಸಿಟಿ ಬಸ್ಸಿನ ಡ್ರೈವರ್. ಇಷ್ಟು ವರ್ಷದ ಸರ್ವಿಸಿನಲ್ಲಿ ಒಂದು ಕೋಳಿಯನ್ನೂ ಕೊಂದವರಲ್ಲ. ಅದಕ್ಕೇ ಬಸ್ ಕಂಪನಿ ಅವರಿಗೂ ಇನ್ನಿಬ್ಬರು ಡ್ರೈವರುಗಳಿಗೂ ಬಹುಮಾನ ಕೊಟ್ಟು, ಅಧಿಕಾರಿಗಳ ದಂಡಿನ ಹಿಂದೆ ಯುರೋಪಿನ ಬಸ್ಸುಗಳನ್ನು ನೋಡಿ ಬರಲು ಕಳಿಸಿತ್ತು. ಬಂದ ಮೇಲೆ ಡಿಪೋದಲ್ಲಿ ಅವರ ಹೆಸರೇ 'ಯುರೋಪು' ಎಂದಾಯಿತು. ಸೊಸೆ ಅದೇ ಡಿಪೋದಲ್ಲಿ ಕಂಡಕ್ಟರ್. ಹಾಗೆ ನೋಡಿದರೆ ಅವಳು ಕಂಡಕ್ಟರ್ ಆಗಿದ್ದಕ್ಕೇ ಈ ಮನೆಯ ಸೊಸೆಯಾದದ್ದು. ಹಿಂದೊಮ್ಮೆ ಮಾವನ ಬಸ್ಸಿನಲ್ಲಿ ಕುಡಿದು ಹತ್ತಿದ ಧಾಂಡಿಗನೊಬ್ಬನನ್ನು ಅವಳು ಕಾಲರ್ ಹಿಡಿದು ಕೆಳಗಿಳಿಸಿದ್ದನ್ನು ಅವರು ಕನ್ನಡಿಯಲ್ಲಿ ನೋಡಿದ್ದರು. ಮನೆಗೆ ಬಂದು, "ನಮ್ಮ ಮೆತ್ತನೆ ಹುಡುಗನಿಗೆ ಇಂಥವಳೊಬ್ಬಳು ಬೇಕು," ಎಂದಿದ್ದರಂತೆ. ಮೆತ್ತನೆ ಹುಡುಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷೀನ್ ಓಡಿಸುತ್ತಿದ್ದ. ಈಗಲೂ ಮೆತ್ತಗೇ ಇದ್ದ.

"ಬೇಗ ಬೇಗ ಊಟ ಮುಗಿಸಿ," ಎಂದರು ಮಾವ. "ವಾರ್ತೆ ಶುರುವಾಗುತ್ತೆ. ಇವತ್ತು ನನ್ನನ್ನ ತೋರಿಸ್ತಾರೆ."

ಎದುರು ಮನೆಯ ಟೈಲರನ್ನೂ ಅವನ ಹೆಂಡತಿಯನ್ನೂ ಮೊದಲೇ ಕರೆದಾಗಿತ್ತು. ಅವರು ಬಂದು ಮಂಚದ ಅಂಚಿನಲ್ಲಿ ಕೂತರು. ಟೀವಿಯಲ್ಲಿ ಮಾವ ಬಸ್ಸಿನ ಮುಂದೆ ನಿಂತಿದ್ದರು. ಇಸ್ತ್ರಿ ಮಾಡಿದ ಖಾಕಿ, ಪಕ್ಕದಲ್ಲಿ ಮ್ಯಾನೇಜರ್, ಹಿಂದೆ ಟೈ ಕಟ್ಟಿದ ನಾಲ್ಕಾರು ಜನ.

"ಅಲ್ಲಿ ಕಂಡಕ್ಟರ್ ಅನ್ನೋರೇ ಇಲ್ಲ," ಎನ್ನುತ್ತಿದ್ದರು ಟೀವಿಯ ಮಾವ. "ಡ್ರೈವರ್ ಒಬ್ಬನೇ ಬಸ್ಸೂ ಓಡಿಸ್ತಾನೆ, ಟಿಕೆಟ್ಟೂ ಕೊಡ್ತಾನೆ. ಒಂದು ತೊಂದರೆ ಇಲ್ಲ. ನಮ್ಮಲ್ಲೂ ಆಗುತ್ತೆ. ಯಾಕಾಗಲ್ಲ?"

ಮಾವ ಮಾಯವಾಗಿ ವಾರ್ತೆ ಓದುವವಳು ಬಂದಳು. ನಗರದ ಬಸ್ಸುಗಳಲ್ಲಿ ಕಂಡಕ್ಟರ್ ಹುದ್ದೆಯನ್ನು ಹಂತ ಹಂತವಾಗಿ ರದ್ದು ಮಾಡಲಾಗುವುದು, ಮುಂದಿನ ತಿಂಗಳು ಮಾರ್ಕೆಟ್ ರೂಟಿನಲ್ಲಿ ಪ್ರಯೋಗ ಶುರುವಾಗುವುದು ಎಂದಳು. ಮಾರ್ಕೆಟ್ ರೂಟು ಸೊಸೆಯದು.

ಚಪ್ಪಾಳೆಗೆ ಎತ್ತಿದ್ದ ಕೈಗಳನ್ನು ಟೈಲರ್ ಮೆಲ್ಲಗೆ ತೊಡೆಯ ಮೇಲೆ ಇಳಿಸಿದ. ಅವನ ಹೆಂಡತಿಗೆ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಯಿತು. ಇಬ್ಬರೂ ಎದ್ದು ಹೋದರು.

ಸೊಸೆ ಕೈಯಲ್ಲಿ ಸೌಟು ಹಿಡಿದೇ ನಿಂತಿದ್ದಳು. "ಇನ್ನೂ ಸ್ವಲ್ಪ ಅನ್ನ ಹಾಕಲಾ ಮಾವ?"

"ನೋಡಮ್ಮ, ನಾನು ಇನ್ನೂ ಏನೇನೋ ಹೇಳಿದ್ದೆ. ಅಲ್ಲಿ ರಸ್ತೆ ಖಾಲಿ, ಜನ ಕಮ್ಮಿ, ಎಲ್ಲರ ಹತ್ರನೂ ಕಾರ್ಡಿರುತ್ತೆ ಅಂತೆಲ್ಲ. ಅದನ್ನ ಕತ್ತರಿಸಿಬಿಟ್ಟಿದ್ದಾರೆ."

"ಕತ್ತರಿಸದೆ ಬಿಟ್ಟಿದ್ದನ್ನ ಯಾರು ಹೇಳಿದ್ದು?"

"ನಾನೇ. ಆದ್ರೆ—"

"ನಮ್ಮಲ್ಲೂ ಆಗುತ್ತೆ, ಯಾಕಾಗಲ್ಲ ಅಂದಿದ್ದು?"

"ದೊಡ್ಡೋರೆಲ್ಲ ಸುತ್ತ ನಿಂತಿದ್ರು. ಅವರ ಖರ್ಚಲ್ಲಿ ದೇಶ ನೋಡಿ ಬಂದು, ಆಗಲ್ಲ ಅಂತ ಹೇಗನ್ನಲಿ?"

"ಅವರ ಖರ್ಚಲ್ಲ ಮಾವ. ನನ್ನ ಖರ್ಚು. ನಿಮ್ಮ ವಿಮಾನಕ್ಕೆ ಟಿಕೆಟ್ ಹರಿದಿದ್ದು ನನ್ನ ಕೆಲಸದಿಂದ."

"ಏಯ್, ದನಿ ತಗ್ಗಿಸು," ಎಂದರು ಅತ್ತೆ. "ಬಸ್ಸಲ್ಲಿ ಕೂಗಿದ ಹಾಗೆ ಮನೇಲಿ ಕೂಗಬೇಡ."

"ಬಸ್ಸಲ್ಲಿ ಕೂಗೋಕೆ ಇನ್ನು ಬಿಡಲ್ಲವಲ್ಲ ಅತ್ತೆ. ಮನೇಲೇ ಕೂಗಬೇಕು."

ಮರುದಿನ ಡಿಪೋದ ಗೇಟಿನಲ್ಲೇ ಅವಳಿಗೆ ಮಂಗಳಾರತಿ ಕಾದಿತ್ತು. ಕಂಡಕ್ಟರುಗಳ ಮುಂದಾಳು ಒಬ್ಬನಿದ್ದ. ಅವನು ಬಸ್ಸಿನ ಹಿಂದಿನ ಬಾಗಿಲಲ್ಲಿ ಕೂಗಿದರೆ ಮುಂದಿನ ಸ್ಟಾಪಿನವರು ಚೀಲ ಎತ್ತಿಕೊಳ್ಳುತ್ತಿದ್ದರಂತೆ. ಹಾಗಾಗಿ ಅವನಿಗೆ ಗುಡುಗು ಎಂದು ಹೆಸರು.

"ದಾರಿ ಬಿಡ್ರಪ್ಪೋ, ಯುರೋಪಿನ ಸೊಸೆ ಬಂದ್ರು!" ಎಂದು ಗುಡುಗಿದ. "ಏನಮ್ಮಾ, ನಮ್ಮೆಲ್ಲರ ಅನ್ನಕ್ಕೆ ಮಣ್ಣು ಹಾಕೋ ಮುಂಚೆ ನಿಮ್ಮ ಮಾವ ಮನೇಲಿ ನಿನ್ನನ್ನ ಒಂದು ಮಾತು ಕೇಳಲಿಲ್ವಾ?"

"ಕೇಳಿದ್ರೆ ಹೇಳ್ತಿದ್ದೆ. ಕೇಳಲಿಲ್ಲ. ನಿನಗೇನು ನನ್ನ ಅನ್ನ ಉಳಿದಂಗೆ ಕಾಣ್ಸುತ್ತಾ?"

ಗುಡುಗು ತಣ್ಣಗಾದ. "ಹಾಗಾದ್ರೆ ಒಂದು ಕೆಲಸ ಮಾಡು. ಅದೇ ಬಾಯಲ್ಲಿ, ನಮ್ಮ ರಸ್ತೆಗೆ ಇದು ಆಗಲ್ಲ ಅಂತ ಹೇಳಿಸು. ನಾವು ಹೇಳಿದ್ರೆ ಹೊಟ್ಟೆಪಾಡಿಗೆ ಅಂತಾರೆ. ಡ್ರೈವರ್ ಹೇಳಿದ್ರೆ ಕೇಳ್ತಾರೆ."

ಸಂಜೆ ಮಾವ ಜಗಲಿಯಲ್ಲಿ ಶೂ ಪಾಲಿಶ್ ಮಾಡುತ್ತಿದ್ದರು. ಅವಳು ಒಣಗಿದ ಬಟ್ಟೆ ತೆಗೆಯುತ್ತಾ ಗುಡುಗು ಹೇಳಿದ್ದನ್ನು ಕೇಳಿದಳು. ಅವರು ಶೂವಿನಿಂದ ಕಣ್ಣು ಎತ್ತಲಿಲ್ಲ.

"ಈಗ ಹೇಗೆ ಹೇಳೋದು? ಮೊದಲನೇ ಬಸ್ಸು ನೀನೇ ಓಡಿಸಬೇಕು ಅಂತ ಮ್ಯಾನೇಜರ್ ಇವತ್ತೇ ಹೇಳಿದ್ರು."

"ಒಪ್ಪಿಕೊಂಡ್ರಾ?"

"ಇದು ನನ್ನ ಕೊನೇ ವರ್ಷ. ನಾಲ್ಕು ಜನ ನೋಡೋ ಹಾಗೆ ಸ್ಟೀರಿಂಗ್ ಬಿಡಬೇಕು ಅಂತ ನನಗೂ ಆಸೆ ಇರಲ್ವಾ?"

"ನನಗಿರೋದು ಕೊನೇ ವರ್ಷ ಅಲ್ಲ ಮಾವ. ಇನ್ನೂ ಅರ್ಧ ಆಯಸ್ಸು ಬಾಕಿ ಇದೆ."

"ನೀನೇನು ಬೀದಿಪಾಲು ಆಗ್ತೀಯಾ? ನಾವಿಲ್ವಾ?"

ಅವಳು ಬಟ್ಟೆಯ ರಾಶಿಯನ್ನು ಅವರ ಪಕ್ಕದಲ್ಲೇ ಧೊಪ್ಪನೆ ಹಾಕಿ ಒಳಗೆ ಹೋದಳು. ಮಡಿಸುವವರು ಮಡಿಸಲಿ ಎಂದು. ಯಾರೂ ಮಡಿಸಲಿಲ್ಲ. ಬೆಳಿಗ್ಗೆ ಮೊಮ್ಮಗಳು ಸುಕ್ಕುಗಟ್ಟಿದ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋಗಿ, ಬಯ್ಯಿಸಿಕೊಂಡು ಬಂದಳು.

ಪ್ರಯೋಗದ ದಿನ ಹತ್ತಿರವಾದಂತೆ ಅತ್ತೆಯ ಮುಖದಲ್ಲಿ ಒಂದು ಬಗೆಯ ನಿರಾಳ ಕಾಣತೊಡಗಿತು. ಒಂದು ದಿನ ಸೊಸೆ ಡ್ಯೂಟಿ ಮುಗಿಸಿ ಬಂದಾಗ ಬಟ್ಟೆ ಒಗೆಯುವವಳು ಚಪ್ಪಲಿ ಮೆಟ್ಟಿಕೊಂಡು ಗೊಣಗುತ್ತಾ ಹೊರಟಿದ್ದಳು.

"ಏನಾಯ್ತು ಅವಳಿಗೆ?"

"ಬಿಡಿಸಿದೆ. ಮುಂದಿನ ತಿಂಗಳಿಂದ ನೀನೇ ಮನೇಲಿ ಇರ್ತೀಯಲ್ಲ," ಎಂದರು ಅತ್ತೆ. "ಪುಟ್ಟಿ ಶಾಲೆಯಿಂದ ಬರೋ ಹೊತ್ತಿಗೆ ಬಾಗಿಲು ತೆಗೆಯೋಕೂ ಆಯ್ತು. ಈ ಮಂಡಿ ನೋವಲ್ಲಿ ನಾನೆಷ್ಟು ಅಂತ ಓಡಾಡಲಿ?"

"ನನ್ನ ಕೆಲಸ ಇನ್ನೂ ಹೋಗಿಲ್ಲ ಅತ್ತೆ."

"ಹೋಗುತ್ತಲ್ಲ."

ಅಷ್ಟು ಸಲೀಸಾಗಿ ಹೇಳಿದರು, ಬಾಳೆಕಾಯಿ ಹಣ್ಣಾಗುತ್ತಲ್ಲ ಎಂದ ಹಾಗೆ. ಸೊಸೆ ಬ್ಯಾಗನ್ನು ಕೂಡ ಇಳಿಸದೆ ಬೀದಿಗೆ ಓಡಿ ಬಟ್ಟೆ ಒಗೆಯುವವಳನ್ನು ಕೈ ಹಿಡಿದು ವಾಪಸು ಕರೆತಂದಳು. ಆ ಸಂಜೆ ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ಅಡುಗೆ ಮಾಡಿದರು. ಗಂಡ ಇಬ್ಬರ ನಡುವೆ ಉಪ್ಪಿನ ಡಬ್ಬಿ ದಾಟಿಸುತ್ತಿದ್ದ.

"ನೀವು ಏನೂ ಹೇಳಲ್ವಾ?" ಎಂದಳು ಅವನಿಗೆ, ಪಾತ್ರೆ ತೊಳೆಯುವಾಗ.

"ಏನು ಹೇಳಲಿ? ಆ ಕಡೆ ಅಪ್ಪ, ಈ ಕಡೆ ನೀನು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಹಾವು ಯಾರು, ಅದನ್ನ ಮೊದಲು ಹೇಳಿ."

ಅವನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ.

ಪ್ರಯೋಗದ ದಿನ ಕಂಪನಿಯವರು ಮಾರ್ಕೆಟ್ ರೂಟಿನ ಕಂಡಕ್ಟರುಗಳನ್ನು ಬಸ್ಸಿನಿಂದ ಇಳಿಸಿ ಸ್ಟಾಪುಗಳಲ್ಲಿ ನಿಲ್ಲಿಸಿದರು. ಮುಂದಿನ ಬಾಗಿಲಲ್ಲಿ ಹತ್ತಿ, ಡ್ರೈವರ್ ಹತ್ತಿರ ಟಿಕೆಟ್ ತಗೊಳ್ಳಿ, ಹಿಂದಿನ ಬಾಗಿಲಲ್ಲಿ ಇಳಿಯಿರಿ ಎಂದು ಜನರಿಗೆ ಕಲಿಸಬೇಕಿತ್ತು. ತಮ್ಮ ಗುಂಡಿಯನ್ನು ತಾವೇ ಅಗೆಯುವ ಕೆಲಸ, ಎಂದ ಗುಡುಗು. ಸೊಸೆಗೆ ಬಿದ್ದದ್ದು ಸೇತುವೆ ಸ್ಟಾಪು. ಅದರ ಹಿಂದಿನದೇ ಮಾರ್ಕೆಟ್ ಸ್ಟಾಪು. ಅಲ್ಲಿಗೆ ಹಾಕಿದ್ದವನನ್ನು ಕೊನೇ ಗಳಿಗೆಯಲ್ಲಿ ಮ್ಯಾನೇಜರ್ ವಾಪಸು ಕರೆಸಿಕೊಂಡಿದ್ದರು, ಡಿಪೋದಲ್ಲಿ ಅತಿಥಿಗಳಿಗೆ ಕುರ್ಚಿ ಹಾಕಲು.

ಬಸ್ಸು ಬರಲಿಲ್ಲ. ಸೇತುವೆಯ ಮೇಲೆ ಕಾದು ಕಾದು ಜನ ಅವಳಿಗೇ ಬೈಯತೊಡಗಿದರು. ಆಗ ಮಾರ್ಕೆಟ್ ಕಡೆಯಿಂದ ಸೈಕಲ್ಲಿನಲ್ಲಿ ಬಂದವನೊಬ್ಬ ನಿಲ್ಲಿಸದೆಯೇ ಕೂಗಿಕೊಂಡು ಹೋದ. "ಬಸ್ಸು ಮೊಟ್ಟೆ ಅಜ್ಜೀನ ಎಳ್ಕೊಂಡು ಹೋಯ್ತು!"

ಅವಳು ಓಡಿದಳು. ಮಾರ್ಕೆಟ್ ಮುಂದೆ ಬಸ್ಸು ಅಡ್ಡಡ್ಡ ನಿಂತಿತ್ತು. ರಸ್ತೆಯೆಲ್ಲ ಹಳದಿ. ಒಡೆದ ಮೊಟ್ಟೆಯ ಮೇಲೆ ಜನ ಜಾರುತ್ತಾ ತಳ್ಳಾಡುತ್ತಿದ್ದರು. ನಡುವೆ ಮೊಟ್ಟೆ ಅಜ್ಜಿ, ಕಾಲು ಬೇಡದ ದಿಕ್ಕಿಗೆ ತಿರುಗಿಕೊಂಡು ಬಿದ್ದಿದ್ದಳು. ಮಾರ್ಕೆಟ್ಟಿನಲ್ಲಿ ಮೊಟ್ಟೆ ಮಾರಲು ದಿನವೂ ಸೊಸೆಯ ಬಸ್ಸಿಗೆ ಹತ್ತುವವಳು. ಅಜ್ಜಿ ಇಳಿಯುವಾಗ ಸೊಸೆ ಮೊದಲು ಮೊಟ್ಟೆಯ ಟ್ರೇ ಇಳಿಸಿ, ಆಮೇಲೆ ಚೀಲ ಇಳಿಸಿ, ಆಮೇಲೆ ಅಜ್ಜಿಯ ಮೊಣಕೈ ಹಿಡಿದು ಇಳಿಸಿ, ಆಮೇಲೆಯೇ ಬಾಗಿಲ ತಗಡಿಗೆ ಎರಡು ಸಲ ತಟ್ಟುತ್ತಿದ್ದಳು. ಎರಡು ಸಲ ತಟ್ಟಿದರೆ ಹೊರಡು ಎಂದರ್ಥ. ಡ್ರೈವರ್ ಕಂಡಕ್ಟರುಗಳ ನಡುವೆ ಅದಕ್ಕಿಂತ ಹೆಚ್ಚು ಮಾತು ಬೇಕಿಲ್ಲ.

ಮಾವ ಸ್ಟೀರಿಂಗ್ ಮುಂದೆಯೇ ಕೂತಿದ್ದರು. ಕೈಯಲ್ಲಿ ಯಾರದೋ ಟಿಕೆಟ್ಟು. ಅದನ್ನು ಯಾರಿಗೆ ಕೊಡಬೇಕು ಎನ್ನುವುದೇ ಮರೆತವರಂತೆ ಹಿಡಿದುಕೊಂಡಿದ್ದರು.

"ತಟ್ಟಿದ್ರು," ಎಂದರು ಅವಳನ್ನು ನೋಡಿ. "ಎರಡು ಸಲ ತಟ್ಟಿದ್ರು ಕಣಮ್ಮ. ನಾನು ಗಾಡಿ ಎತ್ತಿದೆ."

ಆ ರಾತ್ರಿ ಟೀವಿ ಹಾಕಲಿಲ್ಲ. ಮಾವನಿಗೆಂದು ಬಡಿಸಿದ ತಟ್ಟೆ ಹಾಗೇ ತಣ್ಣಗಾಯಿತು. ಮರುದಿನ ಮ್ಯಾನೇಜರ್ ಅವರನ್ನು ಕರೆಸಿಕೊಂಡರು. ಮಾವ ಸಂಜೆ ಬಂದವರು ಯಾರ ಮುಖವನ್ನೂ ನೋಡದೆ ಹಾಸಿಗೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಏನು ಮಾತಾಯಿತು ಎನ್ನುವುದು ಸೊಸೆಗೆ ತಿಳಿದದ್ದು ಅತ್ತೆಯ ಬಾಯಿಂದ. ಅತ್ತೆ ಆವತ್ತು ತಾವಾಗಿಯೇ ಆಲೂಗಡ್ಡೆ ತಂದು ಅವಳ ಎದುರು ಕೂತು ಸಿಪ್ಪೆ ಹೆರೆಯಲು ಶುರು ಮಾಡಿದರು. ಎಷ್ಟೋ ದಿನದ ಮೇಲೆ, "ಚಹಾ ಕುಡಿದ್ಯಾ?" ಎಂದು ಕೇಳಿದರು. ಆಗಲೇ ಅವಳಿಗೆ ಏನೋ ಬರುತ್ತಿದೆ ಎನಿಸಿತು.

"ನೋಡು, ವಿಚಾರಣೆ ಇದೆಯಂತೆ. ನಿನ್ನನ್ನೂ ಕರೀತಾರೆ."

"ನನ್ನನ್ನ ಯಾಕೆ?"

"ಮಾರ್ಕೆಟ್ ಸ್ಟಾಪಲ್ಲಿ ನೀನಿದ್ದೆ, ನೀನೇ ತಟ್ಟಿದ್ದು ಅಂತ ಒಂದು ಮಾತು ಹೇಳಿಬಿಡು. ಮಿಕ್ಕಿದ್ದು ಮ್ಯಾನೇಜರ್ ನೋಡ್ಕೋತಾರಂತೆ."

"ನಾನು ಸೇತುವೆ ಹತ್ರ ಇದ್ದೆ ಅತ್ತೆ."

"ಗೊತ್ತು ಕಣೇ. ಮಾರ್ಕೆಟ್ಟಲ್ಲಿದ್ದೆ ಅಂತ ಯಾರೆಂದ್ರು? ಹೇಳು ಅಂತಿರೋದು. ನಿನ್ನ ಕೆಲಸ ಹೇಗೂ ಹೋಗೋದು. ಒಂದು ತಿಂಗಳು ಮುಂಚೆ ಹೋದ್ರೇನು, ಹಿಂದೆ ಹೋದ್ರೇನು? ಅವರ ಹೆಸರು ಹಾಗಲ್ಲ. ಇಡೀ ಜೀವಮಾನ ಒಂದು ಕಪ್ಪು ಚುಕ್ಕೆ ಇಲ್ಲ. ಕೊನೇ ವರ್ಷದಲ್ಲಿ ಸಸ್ಪೆಂಡ್ ಆಗಿ ಮನೇಲಿ ಕೂರಬೇಕಾ?"

"ಹೇಗೂ ಸಾಯೋ ದನ, ಇವತ್ತೇ ಚರ್ಮ ಸುಲಿಯೋಣ ಅಂತ."

"ಎಂಥ ಮಾತಾಡ್ತೀಯೇ!"

"ಮಾತು ನಂದು ಅತ್ತೆ, ಲೆಕ್ಕ ನಿಮ್ಮದು. ನಾಳೆ ಊರೆಲ್ಲ ಏನನ್ನುತ್ತೆ? ಕಂಡಕ್ಟರ್ ತಪ್ಪಿಂದ ಅಜ್ಜಿ ಕಾಲು ಹೋಯ್ತು, ಅದಕ್ಕೇ ಕಂಡಕ್ಟರುಗಳೇ ಬೇಡ ಅಂತ. ಕೆಲಸಾನೂ ತಗೊಂಡು ಕಳಂಕಾನೂ ಕಟ್ಟಿ ಕಳಿಸ್ತೀರಾ?"

ಗಂಡ ಬಾಗಿಲಲ್ಲಿ ನಿಂತಿದ್ದ. ಕೆಲಸದಿಂದ ಆಗಷ್ಟೇ ಬಂದಿದ್ದ, ಶರ್ಟಿನ ತೋಳಿಗೆ ಕಾಗದದ ಚೂರು ಅಂಟಿಕೊಂಡಿತ್ತು.

"ನಿಮಗೂ ಗೊತ್ತಿತ್ತಾ?" ಎಂದಳು.

"ಮಧ್ಯಾಹ್ನ ಅಮ್ಮ ಫೋನ್ ಮಾಡಿದ್ರು. ಹೇಳಿಬಿಡು ಅಂತ ನಾನು ಅನ್ನಲ್ಲ. ಸ್ವಲ್ಪ ಯೋಚನೆ ಮಾಡು ಅಂತೀನಿ ಅಷ್ಟೇ. ಆಫೀಸಲ್ಲಿ ನಿನಗೆ ಏನಾದ್ರೂ ಸಣ್ಣ ಕೆಲಸ ಕೊಡ್ತಾರಂತೆ, ಆಮೇಲೆ."

"ಅಜ್ಜಿ ಕಾಲು ಮುರಿದವಳು ನಾನೇ ಅಂತ ಹತ್ತು ಜನರೆದುರು ಒಪ್ಪಿಕೊಂಡೋಳಿಗೆ ಕೆಲಸ ಕೊಡ್ತಾರಾ? ನಿಮ್ಮ ಮಷೀನಿಗೆ ತಲೆ ಕೊಟ್ಟು ಬಂದ್ರಾ ಹೇಗೆ?"

ಅವಳು ಹಜಾರಕ್ಕೆ ಬಂದು ಗೋಡೆಯ ಕಡೆ ತಿರುಗಿದ್ದ ಮಾವನ ಬೆನ್ನಿನ ಮುಂದೆ ನಿಂತಳು.

"ಮಾವ, ನೀವು ಹೇಳಿ. ನಾನು ಅಲ್ಲಿದ್ದೆನಾ?"

ಬೆನ್ನು ಅಲುಗಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು. ನಿದ್ದೆ ಬಂದೋರು ಹೀಗೆ ಉಸಿರು ಹಿಡಿಯಲ್ಲ."

"ತಟ್ಟಿದ್ದು ಕೇಳಿಸ್ತು," ಎಂದಿತು ಬೆನ್ನು. "ಯಾರು ಅಂತ ನಾನು ನೋಡಲಿಲ್ಲ."

ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಉದ್ದನೆಯ ವಾರ್ಡು, ಫಿನಾಯಿಲಿನ ವಾಸನೆ. ಅಜ್ಜಿಯ ಕಾಲನ್ನು ಪಟ್ಟಿ ಸುತ್ತಿ ಮೇಲಕ್ಕೆ ಕಟ್ಟಿದ್ದರು. ಅವಳನ್ನು ನೋಡಿದ್ದೇ ಅಜ್ಜಿ ಉರಿದುಬಿದ್ದಳು.

"ಬಂದ್ಯಾ ಮಹಾರಾಯ್ತಿ? ಆವತ್ತು ಎಲ್ಲಿ ಸತ್ತಿದ್ದೆ? ಚೀಲ ಬಾಗಿಲಿಗೆ ಸಿಕ್ಕಿಕೊಂಡ್ರೆ ಕೇಳೋರಿಲ್ಲ. ಡ್ರೈವರ್ ನೋಡಿದ್ರೆ ಮುಂದೆ ಯಾರಿಗೋ ಚಿಲ್ಲರೆ ಕೊಡ್ತಾ ಕೂತವ್ನೆ. ನಿಲ್ಸೋ ಅಂತ ನಾನೇ ಎರಡು ಬಡಿದೆ. ಬಡಿದಿದ್ದಕ್ಕೆ ಹೊರಟೇ ಬಿಟ್ಟ ಮೂದೇವಿ!"

"ನೀನೇ ತಟ್ಟಿದ್ದು. ಅದನ್ನ ವಿಚಾರಣೇಲಿ ಹೇಳ್ತೀಯಾ ಅಜ್ಜಿ?"

ಅಜ್ಜಿಯ ದನಿ ಇಳಿಯಿತು. ಆಚೀಚೆ ನೋಡಿದಳು. "ಹೇಳಬೇಡ ಅಂದವ್ರೆ. ಟೈ ಕಟ್ಟಿದೋನು ಬಂದಿದ್ದ. ನಾನು ಬಡಿದೆ ಅಂದ್ರೆ ನಂದೇ ತಪ್ಪಂತೆ, ಒಂದು ಬಿಡಿಗಾಸೂ ಸಿಗಲ್ವಂತೆ. ಕಂಡಕ್ಟರ್ ಬಡಿದ್ಲು ಅಂದ್ರೆ ಕಾಲಿನ ಖರ್ಚೆಲ್ಲ ಕಂಪನಿಯೇ ನೋಡ್ಕೊಳ್ಳುತ್ತಂತೆ." ಮೇಲಕ್ಕೆ ಕಟ್ಟಿದ್ದ ಕಾಲಿನ ಕಡೆ ಕೈ ತೋರಿಸಿದಳು. "ನನ್ನ ಕಾಲು ನೋಡವ್ವ. ನಾನು ಯಾರನ್ನ ನೋಡ್ಕೊಳ್ಳಲಿ, ನಿನ್ನನ್ನೋ ಇದನ್ನೋ?"

ಆ ಕಾಲಿನ ಮುಂದೆ ಅವಳಿಗೆ ಸಿಟ್ಟು ಮಾಡಲಾಗಲಿಲ್ಲ. ಹಾಗೆಂದು ಸಿಟ್ಟು ಹೋಗಲೂ ಇಲ್ಲ. ಮೆಟ್ಟಿಲಿಳಿಯುವಾಗ ಎದುರಾದವರೆಲ್ಲ ಪಕ್ಕಕ್ಕೆ ಸರಿದರು, ಮುಖ ಹಾಗಿತ್ತು. ಮಾತಿಗೆ ಬೆಲೆ ಇರುವ ಸಾಕ್ಷಿಗಳು ಇಬ್ಬರೇ. ಒಬ್ಬಳ ಕಾಲು ಕಂಪನಿಯ ಕೈಯಲ್ಲಿತ್ತು, ಇನ್ನೊಬ್ಬರ ಹೆಸರು.

ವಿಚಾರಣೆ ಡಿಪೋದ ಮೇಲಿನ ಕೋಣೆಯಲ್ಲಿ ನಡೆಯಿತು. ಕಿಟಕಿಯಿಂದ ಡೀಸೆಲ್ ಹೊಗೆ ಬರುತ್ತಿತ್ತು. ಹೆಡ್ ಆಫೀಸಿನಿಂದ ಬಂದ ಅಧಿಕಾರಿಣಿ ಮೇಜಿನ ಹಿಂದೆ, ಪಕ್ಕದಲ್ಲಿ ಮ್ಯಾನೇಜರ್. ಮೇಜಿನ ಈಚೆ ಒಂದು ಕುರ್ಚಿಯಲ್ಲಿ ಮಾವ, ಇನ್ನೊಂದರಲ್ಲಿ ಸೊಸೆ. ಮನೆಯಿಂದ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಬಂದಿದ್ದರು. ಹಿಂದೆ ಬೆಂಚಿನ ಮೇಲೆ ಗುಡುಗು ಕೂತಿದ್ದ. ಬಾಯಿ ತೆಗೆಯಕೂಡದು ಎಂಬ ಷರತ್ತಿನ ಮೇಲೆ ಅವನನ್ನು ಒಳಗೆ ಬಿಟ್ಟಿದ್ದರು.

"ಹೊರಡೋದಕ್ಕೆ ಸಿಗ್ನಲ್ ಯಾರು ಕೊಟ್ಟರು?" ಎಂದು ಅಧಿಕಾರಿಣಿ ಮಾವನನ್ನು ಕೇಳಿದರು.

ಮಾವ ಎದ್ದು ನಿಂತರು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಕಂಡಕ್ಟರ್, ಮೇಡಂ."

"ಯಾವ ಕಂಡಕ್ಟರ್?"

"ಇವರು."

ಸೊಸೆ ಎನ್ನಲಿಲ್ಲ, ಇವಳು ಎನ್ನಲಿಲ್ಲ. ಇವರು ಎಂದರು. ಕುಡುಕನ ಕಾಲರ್ ಹಿಡಿದ ದಿನವೂ ಅವರು ಅವಳನ್ನು ಬಹುವಚನದಲ್ಲಿ ಕರೆದಿರಲಿಲ್ಲ.

"ನಾನು ಸೇತುವೆ ಸ್ಟಾಪಲ್ಲಿದ್ದೆ," ಎಂದಳು.

"ಅವರನ್ನ ಮಾರ್ಕೆಟ್ ಸ್ಟಾಪಿಗೆ ಕಳಿಸಿದ್ದೆ ಮೇಡಂ, ಬಾಯಲ್ಲಿ ಹೇಳಿ," ಎಂದರು ಮ್ಯಾನೇಜರ್.

"ಡ್ರೈವರ್ ನಿಮ್ಮ ಮಾವ ಅಲ್ವಾ?" ಎಂದರು ಅಧಿಕಾರಿಣಿ, ಸುಸ್ತಾದ ದನಿಯಲ್ಲಿ. "ಸ್ವಂತ ಸೊಸೆ ಮೇಲೆ ಯಾರಾದ್ರೂ ಸುಳ್ಳು ಹೇಳ್ತಾರಾ? ಅವರನ್ನ ಏನಾದ್ರೂ ಕೇಳೋದಿದ್ರೆ ಕೇಳಿ. ಆಮೇಲೆ ಮುಗಿಸೋಣ."

ಏನು ಕೇಳಬೇಕು? ಸುಳ್ಳು ಯಾಕೆ ಹೇಳಿದಿರಿ ಎಂದರೆ ಹೇಳಿಲ್ಲ ಎನ್ನುತ್ತಾರೆ. ಹಿಂದೆ ಗುಡುಗು ಬುಸುಗುಡುತ್ತಿದ್ದ. ಅವಳು ಮಾವನನ್ನು ಪೂರ್ತಿ ನೋಡಿದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿಯ ಗೆರೆ ಕೆಡದ ಖಾಕಿ, ಎದೆಯ ಮೇಲೆ ಬಹುಮಾನದ ಬಿಲ್ಲೆ. ಎಲ್ಲ ಕಳಚಿ ಬಿದ್ದರೂ ಆ ಬಿಲ್ಲೆಯನ್ನು ಬಿಡಲಾರದ ಮನುಷ್ಯ.

"ಒಂದೇ ಪ್ರಶ್ನೆ ಮಾವ. ಕಂಡಕ್ಟರ್ ತಟ್ಟಿದ್ರೆ ನೀವು ಕನ್ನಡಿ ನೋಡದೆ ಗಾಡಿ ಎತ್ತುತ್ತೀರಾ?"

ಮಾವನ ತಲೆ ಸರಕ್ಕನೆ ಮೇಲಕ್ಕೆ ಬಂತು. "ನಾನಾ? ಕನ್ನಡಿ ನೋಡದೆ? ಮೊನ್ನೆ ಮೊನ್ನೆ ಲೈಸೆನ್ಸ್ ತಗೊಂಡಿರೋ ಹುಡುಗರನ್ನ ಕೇಳು ಆ ಪ್ರಶ್ನೆ! ದೇವರೇ ಬಂದು ಬಾಗಿಲು ತಟ್ಟಿದ್ರೂ ಕನ್ನಡಿ ನೋಡಿಯೇ ಎತ್ತೋದು ನಾನು."

"ಆವತ್ತೂ ನೋಡಿದ್ರಾ?"

"ನೋಡದೆ ಏನು!"

"ಹಾಗಾದ್ರೆ ಬಾಗಿಲಿಗೆ ಸಿಕ್ಕಿಕೊಂಡಿದ್ದ ಅಜ್ಜಿ ಕಂಡಿರಬೇಕಲ್ಲ. ಕಂಡೂ ಎತ್ತಿದ್ರಾ?"

ಮ್ಯಾನೇಜರ್, "ಮೇಡಂ, ಇದು—" ಎಂದು ಬಾಯಿ ಹಾಕಿದರು. ಅಧಿಕಾರಿಣಿ ಕೈ ಎತ್ತಿ ತಡೆದರು.

ಮಾವ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. ಮ್ಯಾನೇಜರ್ ಕಡೆ ನೋಡಿದರು, ಅವರು ಕಿಟಕಿ ನೋಡುತ್ತಿದ್ದರು. ಕಂಡೂ ಎತ್ತಿದೆ ಎಂದರೆ ಕೊಲೆಗಡುಕ. ನೋಡಲಿಲ್ಲ ಎಂದರೆ ಡ್ರೈವರೇ ಅಲ್ಲ.

"ಅಜ್ಜಿ ಕಂಡಿದ್ರೆ ನಾನು ಎತ್ತುತ್ತಿದ್ದೆನಾ?" ಎಂದರು. "ಹೇಗೆ ನೋಡಲಿ? ಒಬ್ಬನಿಗೆ ಟಿಕೆಟ್ಟು, ಒಬ್ಬಳಿಗೆ ಚಿಲ್ಲರೆ, ಇನ್ನೊಬ್ಬ ಮಷೀನಿಗೆ ಕಾರ್ಡ್ ಹಾಕಿ ತೆಗೀತಾನೇ ಇಲ್ಲ. ಹಿಂದೆ ಹಾರ್ನ್ ಹೊಡೀತಿದ್ದಾರೆ. ಎರಡು ಸಲ ತಟ್ಟಿದ್ದು ಕೇಳಿಸ್ತು, ಎತ್ತಿದೆ. ಕನ್ನಡಿ ನೋಡಲಿಲ್ಲ. ಅಲ್ಲಿ ಯಾರೂ ಇರಲಿಲ್ಲ, ಹಿಂದಿನ ಬಾಗಿಲಲ್ಲಿ ಯಾರೂ ಇರಲಿಲ್ಲ."

"ಈಗಷ್ಟೇ ಕಂಡಕ್ಟರ್ ಇದ್ದರು ಅಂದ್ರಿ," ಎಂದರು ಅಧಿಕಾರಿಣಿ.

"ಅನ್ನು ಅಂದ್ರು. ಅಂದೆ."

ಮಾವ ಕೂತುಬಿಟ್ಟರು. ಗುಡುಗು ಬಾಯಿ ತೆಗೆಯದೆ ಎದ್ದು ನಿಂತ. ಅವನು ಹಾಗೆ ಸುಮ್ಮನೆ ನಿಂತದ್ದನ್ನು ಡಿಪೋದಲ್ಲಿ ಯಾರೂ ಕಂಡಿರಲಿಲ್ಲ.

ಮಾವ ಸಸ್ಪೆಂಡ್ ಆದರು. ಮ್ಯಾನೇಜರ್‌ಗೆ ಬೇರೆ ಡಿಪೋಗೆ ವರ್ಗವಾಯಿತು, ಸ್ವಲ್ಪ ದೊಡ್ಡ ಡಿಪೋಗೆ. ಡ್ರೈವರ್ ತಪ್ಪೆಂದು ಆದದ್ದರಿಂದ ಅಜ್ಜಿಯ ಕಾಲಿಗೆ ಕಂಪನಿಯೇ ಹೊಣೆಯಾಯಿತು, ಅದಕ್ಕೂ ಗುಡುಗು ಹತ್ತು ಸಲ ಹೋಗಿ ಗುಡುಗಬೇಕಾಯಿತು. ತಾಂತ್ರಿಕ ಕಾರಣಗಳಿಂದ ಪ್ರಯೋಗವನ್ನು ಮುಂದೂಡಲಾಗಿದೆ ಎಂದು ವಾರ್ತೆ ಓದುವವಳು ನಗುನಗುತ್ತಾ ಓದಿದಳು. ಸೊಸೆ ಮಾರ್ಕೆಟ್ ರೂಟಿಗೆ ಹಿಂತಿರುಗಿದಳು. ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲ.

ಮನೆಯಲ್ಲಿ ಒಲೆ ಒಂದೇ, ಅಡುಗೆ ಎರಡಾಯಿತು.

"ಕೊನೇ ವರ್ಷದಲ್ಲಿ ಅವರ ಮುಖಕ್ಕೆ ಮಸಿ ಬಳಿದೆ," ಎಂದರು ಅತ್ತೆ, ಅವಳ ಪಾತ್ರೆಯನ್ನು ಒಲೆಯಿಂದ ಇಳಿಸಿ ತಮ್ಮದನ್ನು ಇಡುತ್ತಾ.

"ನಾನು ಬಳಿಯಲಿಲ್ಲ ಅತ್ತೆ. ನನ್ನ ಮುಖಕ್ಕೆ ಬಳಿದಿದ್ದನ್ನ ಒರೆಸಿಕೊಂಡೆ. ನನ್ನ ಅನ್ನ ಇನ್ನೂ ಬೆಂದಿಲ್ಲ, ಒಲೆ ಬಿಡಿ."

"ಒಂದು ಮಾತು ಒಪ್ಪಿಕೊಂಡಿದ್ರೆ ಮನೆ ಮನೆಯಾಗಿ ಇರ್ತಿತ್ತು."

"ನನ್ನ ತಲೆ ಮೇಲೆ ನಿಲ್ಲೋ ಮನೆ ಬಿದ್ದೇ ಹೋಗಲಿ."

ಗಂಡ ಎರಡೂ ಕಡೆ ಉಂಡ. ಒಂದು ದಿನ, "ಅಪ್ಪ ನಿನ್ನ ಹತ್ರ ಮಾತಾಡಬೇಕು ಅಂತಿದ್ರು," ಎಂದ. "ಅವರಿಗೆ ನಾಲಿಗೆ ಇದೆ. ಟೀವಿಯಲ್ಲಿ ನೋಡಿದೀನಿ," ಎಂದಳು ಅವಳು.

ಸಸ್ಪೆಂಡ್ ಆದವರು ದಿನಾ ಹೆಡ್ ಆಫೀಸಿಗೆ ಹೋಗಿ ಸಹಿ ಹಾಕಬೇಕು. ಒಂದು ಬೆಳಿಗ್ಗೆ ಮಾವ ಬೇರೆ ಬಸ್ಸು ಸಿಗದೆ ಅವಳ ಬಸ್ಸಿಗೇ ಹತ್ತಿದರು. ಖಾಕಿ ಇರಲಿಲ್ಲ. ಮಾಸಿದ ನೀಲಿ ಶರ್ಟು. ಜನರ ನಡುವೆ ನುಗ್ಗಿಕೊಂಡು ಬಂದ ಅವಳನ್ನು ಕಂಡು, ಅಭ್ಯಾಸಬಲದಿಂದ "ಸ್ಟಾಫ್" ಎಂದರು.

"ಪಾಸ್ ತೋರಿಸಿ."

"ಪಾಸ್ ಇಸ್ಕೊಂಡಿದ್ದಾರಲ್ಲ."

"ಹಾಗಾದ್ರೆ ಟಿಕೆಟ್ ತಗೊಳ್ಳಿ."

"ಹೋಗ್ಲಿ ಬಿಡಮ್ಮ," ಎಂದ ಡ್ರೈವರ್ ಕನ್ನಡಿಯಿಂದ. ಮಾವನ ಕೈಕೆಳಗೆ ಬಸ್ಸು ಕಲಿತವನು ಅವನು. "ಹಿರಿಯರು."

"ನೀನು ರಸ್ತೆ ನೋಡು. ಒಳಗಿಂದು ನಾನು ನೋಡ್ತೀನಿ."

ಮಾವ ಜೇಬು ತಡಕಿದರು. ನಾಣ್ಯಗಳನ್ನು ಅವಳ ಅಂಗೈಗೆ ಹಾಕಿದರು. ಅವಳು ಟಿಕೆಟ್ ಹರಿದು ಕೊಟ್ಟಳು. ಕೊಡುವಾಗ ಅವರು ಅವಳ ಕಡೆ ವಾಲಿ, "ನಾನು ಆವತ್ತು ಆ ಕೋಣೇಲಿ..." ಎಂದು ಶುರು ಮಾಡಿದರು.

"ಮುಂದಕ್ಕೆ ಹೋಗಿ. ಬಾಗಿಲಲ್ಲಿ ನಿಲ್ಲಬೇಡಿ."

ಅವರು ಮುಂದಕ್ಕೆ ಹೋದರು. ಹೆಡ್ ಆಫೀಸಿನ ಸ್ಟಾಪು ಬಂದಾಗ ಹಿಂದಿನ ಬಾಗಿಲಿಗೆ ಬಂದು ಕಂಬಿ ಹಿಡಿದು ನಿಂತರು. ಇಷ್ಟು ವರ್ಷ ಬಸ್ಸು ಓಡಿಸಿದವರಿಗೆ ಹಿಂದಿನ ಬಾಗಿಲಿನಿಂದ ಇಳಿದು ಅಭ್ಯಾಸವಿರಲಿಲ್ಲ. ಮೆಟ್ಟಿಲಿನ ಮೇಲೆ ಕಾಲು ತಡವರಿಸಿತು. ಹಿಂದಿದ್ದವರು, "ಬೇಗ ಇಳೀರಿ ಯಜಮಾನರೇ," ಎಂದು ಗದರಿದರು. ಅವಳು ಕೈ ಚಾಚಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ನೆಲ ಮುಟ್ಟುವವರೆಗೂ ಬಗ್ಗಿ ನೋಡಿದಳು. ಅವರ ಶರ್ಟಿನ ಚುಂಗು ಬಾಗಿಲಿನಿಂದ ದೂರವಾಯಿತೇ ಎಂದೂ ನೋಡಿದಳು.

ಆಮೇಲೆ, ತಗಡಿಗೆ ತಟ್ಟದೆ, "ರೈಟ್!" ಎಂದು ಕೂಗಿದಳು.